ಕ್ರೂಸ್ ಬುಕಿಂಗ್ ನೇರವಾಗಿ ಮಾಡಬೇಕಾ, ಏಜೆಂಟ್ ಮೂಲಕವಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರೂಸ್‌ಗೆ ಹೋಗಬೇಕು ಎಂದು ಮನಸ್ಸು ಮಾಡಿದವರು ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಆದಷ್ಟು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ತೊಡಕಿನವು. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು.

## ಮೊದಲ ಸಲ ಹೊರಟವರಿಗೆ

ನೇರವಾಗಿ ಕಂಪನಿಯಲ್ಲೇ ಬುಕ್ ಮಾಡಿದ್ರೆ ಕಮ್ಮಿ ಆಗುತ್ತೆ ಅಲ್ವಾ? ಮಧ್ಯದಲ್ಲಿ ಏಜೆಂಟ್ ಯಾಕೆ?

ಹೆಚ್ಚಿನ ಸಲ ಕಮ್ಮಿ ಆಗುವುದಿಲ್ಲ. ರಾಯಲ್ ಕೆರಿಬಿಯನ್, ಕಾರ್ನಿವಲ್, ಎಂಎಸ್‌ಸಿ, ಪ್ರಿನ್ಸೆಸ್‌ನಂಥ ದೊಡ್ಡ ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ತೋರಿಸುವ ದರವನ್ನೇ ಸಾಮಾನ್ಯವಾಗಿ ಏಜೆಂಟರಿಗೂ ಕೊಡುತ್ತವೆ. ಏಜೆಂಟರ ಕಮಿಷನ್ ಆ ದರದೊಳಗೇ ಸೇರಿರುತ್ತದೆ. ನೀವು ನೇರವಾಗಿ ಬುಕ್ ಮಾಡಿದರೆ ಆ ಪಾಲು ಕಂಪನಿಗೆ ಉಳಿಯುತ್ತದೆ, ನಿಮ್ಮ ಕೈಗೆ ಬರುವುದಿಲ್ಲ. ಮಧ್ಯವರ್ತಿಯನ್ನು ಬಿಟ್ಟರೆ ಅಗ್ಗ ಎಂಬ ಲೆಕ್ಕ ತರಕಾರಿ ಕೊಳ್ಳುವಾಗ ಸರಿ, ಇಲ್ಲಿ ನಡೆಯುವುದಿಲ್ಲ.

ವ್ಯತ್ಯಾಸ ಇರುವುದು ಬೇರೆ ಕಡೆ. ಬುಕ್ ಮಾಡಿದ ದಿನದಿಂದ ಹಡಗು ಹತ್ತುವ ದಿನದವರೆಗೆ ಹಲವು ತಿಂಗಳು ಕಳೆಯುತ್ತವೆ, ಕೆಲವರಿಗೆ ವರ್ಷವೇ ಆಗುತ್ತದೆ. ಅಷ್ಟರಲ್ಲಿ ದರ ಇಳಿಯಬಹುದು, ಹಡಗಿನ ಮಾರ್ಗ ಬದಲಾಗಬಹುದು, ಮನೆಯಲ್ಲಿ ಯಾರಿಗೋ ಹುಷಾರು ತಪ್ಪಬಹುದು. ಆಗ ಫೋನ್ ಹಿಡಿದು ಕಾಯುವವರು ಯಾರು? ನೀವೋ, ನಿಮ್ಮ ಪರವಾಗಿ ಇನ್ನೊಬ್ಬರೋ? ನನ್ನ ಪ್ರಕಾರ ಈ ಆಯ್ಕೆಯನ್ನು ಮಾಡಬೇಕಾದದ್ದು ಇದನ್ನು ನೋಡಿಕೊಂಡೇ.

ಹಾಗಾದ್ರೆ ಏಜೆಂಟ್‌ಗೆ ದುಡ್ಡು ಯಾರು ಕೊಡ್ತಾರೆ?

ಕ್ರೂಸ್ ಕಂಪನಿ ಕೊಡುತ್ತದೆ. ಸಾಮಾನ್ಯವಾಗಿ ಪ್ರಯಾಣದ ಮೂಲ ದರದ ಮೇಲೆ 10ರಿಂದ 16 ಪರ್ಸೆಂಟ್‌ವರೆಗೆ. ಜಾಸ್ತಿ ಮಾರುವ ಏಜೆನ್ಸಿಗೆ ಜಾಸ್ತಿ. ತೆರಿಗೆ, ಬಂದರು ಶುಲ್ಕದಂಥವುಗಳ ಮೇಲೆ ಕಮಿಷನ್ ಇಲ್ಲ. ಈ ಹಣ ಅವರ ಕೈಗೆ ಬರುವುದು ಬುಕ್ ಆದ ದಿನವಲ್ಲ. ನೀವು ಪೂರ್ತಿ ಹಣ ಕಟ್ಟಿದ ಮೇಲೆ, ಕೆಲವು ಕಂಪನಿಗಳಲ್ಲಿ ಪ್ರಯಾಣ ಮುಗಿದ ಮೇಲೆ.

ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ದುಬಾರಿ ಕ್ಯಾಬಿನ್ ಮಾರಿದರೆ ಏಜೆಂಟ್‌ಗೆ ಲಾಭ ಜಾಸ್ತಿ, ಹಾಗಾಗಿ ಅವರ ಸಲಹೆಯನ್ನು ಕಣ್ಣು ತೆರೆದುಕೊಂಡೇ ಕೇಳಿ. ಇನ್ನೊಂದು, ನೀವು ಕೊನೆಗೂ ಪೂರ್ತಿ ಹಣ ಕಟ್ಟಿದರೆ, ಇಲ್ಲವೇ ಪ್ರಯಾಣ ಮಾಡಿದರೆ ಮಾತ್ರ ಅವರಿಗೆ ಸಂಬಳ. ನಿಮ್ಮ ಬುಕಿಂಗ್ ಸರಿಯಾಗಿ ಉಳಿಯಲಿ ಎಂಬ ಆಸೆ ಅವರಿಗೂ ಇರುತ್ತದೆ. ಕೆಲವು ಏಜೆಂಟರು ಯೋಜನೆ ಹಾಕಿಕೊಡುವುದಕ್ಕೆ ಬೇರೆ ಶುಲ್ಕ ತೆಗೆದುಕೊಳ್ಳುತ್ತಾರೆ. ಅದನ್ನು ಮೊದಲೇ ಕೇಳಿಕೊಳ್ಳಿ.

ಸುತ್ತಿ ಬಳಸಿ ಬೇಡ. ನನಗೆ ಯಾವುದು ಸರಿ?

ಈ ಹಿಂದೆ ಅದೇ ಕಂಪನಿಯ ಹಡಗಿನಲ್ಲಿ ಹೋಗಿದ್ದೀರಿ, ನಾಲ್ಕೈದು ದಿನದ ಸಣ್ಣ ಪ್ರಯಾಣ, ಇಬ್ಬರೇ ಹೋಗುವುದು, ಯಾವ ಕ್ಯಾಬಿನ್ ಬೇಕು ಎಂದು ಗೊತ್ತಿದೆ. ಹಾಗಿದ್ದರೆ ನೇರವಾಗಿ ಬುಕ್ ಮಾಡಿ. ಎಲ್ಲ ನಿಮ್ಮ ಕೈಯಲ್ಲೇ ಇರುತ್ತದೆ, ರಾತ್ರಿ ಹನ್ನೊಂದಕ್ಕೂ ಏನಾದರೂ ಬದಲಾಯಿಸಬಹುದು.

ಮೊದಲ ಕ್ರೂಸ್, ಎರಡು ಮೂರು ಕ್ಯಾಬಿನ್, ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದಾರೆ, ಹಲವು ದೇಶಗಳ ವೀಸಾ, ವಿಮಾನ ಹೋಟೆಲ್ ಎಲ್ಲ ಸೇರಿಸಬೇಕು ಎಂದರೆ ಒಳ್ಳೆಯ ಏಜೆಂಟ್ ಹುಡುಕಿ. 'ಒಳ್ಳೆಯ' ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. ವಿಷಯ ಗೊತ್ತಿಲ್ಲದ ಏಜೆಂಟ್‌ಗಿಂತ ನೀವೇ ಮಾಡುವುದು ವಾಸಿ.

ಕ್ಯಾಬಿನ್ ಎಲ್ಲಾ ಒಂದೇ ಅಲ್ವಾ? ಅದನ್ನು ಆರಿಸೋಕೂ ಏಜೆಂಟ್ ಬೇಕಾ?

ಒಂದೇ ಬೆಲೆಯ ಎರಡು ಕ್ಯಾಬಿನ್‌ಗಳ ನಡುವೆ ತುಂಬ ವ್ಯತ್ಯಾಸ ಇರಬಹುದು. ಈಜುಕೊಳದ ಡೆಕ್‌ನ (ಡೆಕ್ ಎಂದರೆ ಹಡಗಿನ ಮಹಡಿ) ಕೆಳಗೇ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು. ಥಿಯೇಟರ್ ಮೇಲಿದ್ದರೆ ರಾತ್ರಿ ಸಂಗೀತ. ಮುಂಭಾಗದ ಕೆಳ ಡೆಕ್‌ನಲ್ಲಿದ್ದರೆ ಲಂಗರು ಬಿಡುವಾಗ ಎದ್ದು ಕೂರುವಷ್ಟು ಶಬ್ದ. ಕೆಲವು ಕ್ಯಾಬಿನ್‌ಗಳ ಕಿಟಕಿಗೆ ಅಡ್ಡವಾಗಿ ಲೈಫ್‌ಬೋಟ್ ತೂಗುತ್ತಿರುತ್ತದೆ. ಹಡಗಿನ ಓಲಾಟ ಕಡಿಮೆ ಇರುವುದು ಮಧ್ಯಭಾಗದಲ್ಲಿ, ಕೆಳಗಿನ ಡೆಕ್‌ಗಳಲ್ಲಿ. ತಲೆಸುತ್ತು, ವಾಂತಿಯ ಭಯ ಇರುವವರಿಗೆ ಬಾಲ್ಕನಿಗಿಂತ ಇದೇ ಮುಖ್ಯ.

ಇದನ್ನೆಲ್ಲ ಡೆಕ್ ಪ್ಲಾನ್, ಅಂದರೆ ಮಹಡಿಗಳ ನಕ್ಷೆ, ನೋಡಿ ನೀವೇ ಕಂಡುಕೊಳ್ಳಬಹುದು. ನಿಮ್ಮ ಕ್ಯಾಬಿನ್‌ನ ಮೇಲಿನ ಡೆಕ್, ಕೆಳಗಿನ ಡೆಕ್ ಎರಡನ್ನೂ ತೆರೆದು ಅಲ್ಲಿ ಏನಿದೆ ನೋಡಿ. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇದ್ದರೆ ಬಹುತೇಕ ನೆಮ್ಮದಿ. ಆ ಹಡಗಿನಲ್ಲಿ ಸ್ವತಃ ಹೋಗಿಬಂದ ಏಜೆಂಟ್ ಆದರೆ ಈ ಕೆಲಸ ಎರಡೇ ನಿಮಿಷದಲ್ಲಿ ಮುಗಿಸುತ್ತಾರೆ.

'ಗ್ಯಾರಂಟಿ ಕ್ಯಾಬಿನ್' ಎಂಬ ಅಗ್ಗದ ದರ ಕಂಡರೆ ಯೋಚಿಸಿ. ಅಲ್ಲಿ ಕ್ಯಾಬಿನ್‌ನ ವರ್ಗ ಮಾತ್ರ ಖಚಿತ. ನಂಬರನ್ನು ಕಂಪನಿಯೇ ಕೊಡುತ್ತದೆ, ಅದೂ ಕೆಲವೊಮ್ಮೆ ಹೊರಡುವ ಹೊತ್ತಿಗೆ. ನೇರವಾಗಿ ಬುಕ್ ಮಾಡಿದರೂ ಏಜೆಂಟ್ ಮಾಡಿದರೂ ಇಲ್ಲಿ ಆಯ್ಕೆ ನಿಮ್ಮದಲ್ಲ.

## ದುಡ್ಡಿನ ವಿಷಯ

ಜಾಹೀರಾತಿನಲ್ಲಿ ಕಂಡ ದರ ಬೇರೆ, ಕೊನೆಗೆ ಕಟ್ಟಿದ್ದು ಬೇರೆ. ಯಾಕೆ ಹೀಗೆ?

ಜಾಹೀರಾತಿನ ದರ ಒಂದು ಕ್ಯಾಬಿನ್‌ನಲ್ಲಿ ಇಬ್ಬರಿದ್ದಾಗ ಒಬ್ಬರಿಗೆ ಬೀಳುವ ದರ. ಒಬ್ಬರೇ ಹೋದರೆ ಎಷ್ಟೋ ಸಲ ಇಬ್ಬರ ದರವನ್ನೇ ಕಟ್ಟಬೇಕು. ಅದರ ಮೇಲೆ ತೆರಿಗೆ, ಬಂದರು ಶುಲ್ಕ. ಆಮೇಲೆ ದಿನಕ್ಕೆ ಇಷ್ಟು ಎಂದು ತಲೆಗೆ ಹಾಕುವ ಟಿಪ್ಸ್. ವೈಫೈ, ತಂಪು ಪಾನೀಯ, ಮದ್ಯ, ವಿಶೇಷ ಊಟದ ಮನೆ, ದಡದ ಮೇಲಿನ ಸುತ್ತಾಟ ಎಲ್ಲಕ್ಕೂ ಬೇರೆ ದುಡ್ಡು. ಐಷಾರಾಮಿ ಕಂಪನಿಗಳು ಇವುಗಳಲ್ಲಿ ಹಲವನ್ನು ದರದಲ್ಲೇ ಸೇರಿಸುತ್ತವೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ, ಕಡ್ಡಾಯ ಶುಲ್ಕಗಳನ್ನು ಸೇರಿಸಿಯೇ ಬೆಲೆ ಹೇಳಬೇಕು ಎಂಬ ಕಾನೂನು ಬಂತು. ಆಮೇಲೆ ಅನೇಕ ಕ್ರೂಸ್ ಕಂಪನಿಗಳು ಅಮೆರಿಕದಲ್ಲಿ ಬಂದರು ಶುಲ್ಕ ಸೇರಿಸಿದ ದರವನ್ನೇ ತೋರಿಸತೊಡಗಿದವು. ಬೇರೆ ದೇಶಗಳ ಪುಟಗಳಲ್ಲಿ ಹಾಗೆ ಇರಬೇಕೆಂದಿಲ್ಲ. ಹಾಗಾಗಿ ಕಂಪನಿಯ ದರ, ಏಜೆಂಟ್ ಹೇಳಿದ ದರ ಎರಡನ್ನೂ ಹೋಲಿಸುವಾಗ ಕೊನೆಯ ಮೊತ್ತವನ್ನೇ ಹೋಲಿಸಿ. ಎರಡರಲ್ಲೂ ಟಿಪ್ಸ್ ಸೇರಿದೆಯೇ, ಅದೇ ವರ್ಗದ ಕ್ಯಾಬಿನ್ನೇ, ಡೆಪಾಸಿಟ್ ವಾಪಸ್ ಸಿಗುವಂಥದ್ದೇ ಎಂದು ನೋಡಿ. ಅಗ್ಗ ಎನಿಸಿದ ಕೊಟೇಶನ್‌ನಲ್ಲಿ ಎಷ್ಟೋ ಸಲ ಡೆಪಾಸಿಟ್ ವಾಪಸ್ ಸಿಗುವುದಿಲ್ಲ.

ಒಬ್ಬ ಏಜೆಂಟ್ 'ಆನ್‌ಬೋರ್ಡ್ ಕ್ರೆಡಿಟ್' ಕೊಡ್ತೀನಿ ಅಂದ್ರು. ನೇರವಾಗಿ ದರವನ್ನೇ ಇಳಿಸಬಹುದಿತ್ತಲ್ಲ?

ಕಂಪನಿಯ ದರಕ್ಕಿಂತ ಕಡಿಮೆ ಬೆಲೆಯನ್ನು ಜಾಹೀರಾತು ಮಾಡಲು ಹೆಚ್ಚಿನ ಕ್ರೂಸ್ ಕಂಪನಿಗಳು ಏಜೆಂಟರಿಗೆ ಬಿಡುವುದಿಲ್ಲ. ಅದಕ್ಕೇ ಏಜೆನ್ಸಿಗಳು ತಮ್ಮ ಕಮಿಷನ್‌ನ ಒಂದು ಪಾಲನ್ನು ಬೇರೆ ರೂಪದಲ್ಲಿ ನಿಮಗೆ ಕೊಡುತ್ತವೆ. ಹಡಗಿನಲ್ಲಿ ಖರ್ಚು ಮಾಡಲು ನಿಮ್ಮ ಖಾತೆಗೆ ಹಾಕುವ ಹಣವೇ ಆನ್‌ಬೋರ್ಡ್ ಕ್ರೆಡಿಟ್. ಕೆಲವರು ಟಿಪ್ಸ್ ತಾವೇ ಕಟ್ಟುತ್ತಾರೆ, ಕೆಲವರು ಪ್ರಯಾಣ ಮುಗಿದ ಮೇಲೆ ಗಿಫ್ಟ್ ಕಾರ್ಡ್ ಕೊಡುತ್ತಾರೆ. ನೇರವಾಗಿ ಬುಕ್ ಮಾಡುವವರಿಗೆ ಈ ಹೆಚ್ಚುವರಿ ಸಿಗುವುದಿಲ್ಲ. ದುಡ್ಡಿನ ಲೆಕ್ಕದಲ್ಲಿ ಏಜೆಂಟ್ ಗೆಲ್ಲುವುದು ಹೆಚ್ಚಾಗಿ ಇಲ್ಲೇ.

ಇನ್ನೊಂದು ದಾರಿ ಗ್ರೂಪ್ ದರ. ದೊಡ್ಡ ಏಜೆನ್ಸಿಗಳು ಪ್ರಯಾಣಕ್ಕೆ ತುಂಬ ಮೊದಲೇ ಒಂದಷ್ಟು ಕ್ಯಾಬಿನ್‌ಗಳನ್ನು ಆಗಿನ ದರಕ್ಕೆ ಹಿಡಿದಿಡುತ್ತವೆ. ಆಮೇಲೆ ದರ ಏರಿದರೂ ಅವರ ಹತ್ತಿರ ಹಳೆಯ ದರ ಉಳಿದಿರಬಹುದು. ನಿಮಗೆ ಗುಂಪಿನೊಂದಿಗೆ ಸುತ್ತಬೇಕಾದ ಬಲವಂತ ಏನೂ ಇಲ್ಲ. 'ಈ ದಿನಾಂಕಕ್ಕೆ ನಿಮ್ಮಲ್ಲಿ ಗ್ರೂಪ್ ಸ್ಪೇಸ್ ಇದೆಯಾ?' ಎಂದು ಒಂದು ಮಾತು ಕೇಳಿ.

ಕ್ರೆಡಿಟ್ ಬಗ್ಗೆ ಎಚ್ಚರಿಕೆ ಇಷ್ಟೇ. ಅದು ಬರಹದಲ್ಲಿ ಇರಲಿ. ಖರ್ಚಾಗದೆ ಉಳಿದರೆ ವಾಪಸ್ ಸಿಗುತ್ತದೆಯೋ, ಕೊನೆಯ ರಾತ್ರಿ ಮಾಯವಾಗುತ್ತದೆಯೋ ಎಂದೂ ಕೇಳಿಕೊಳ್ಳಿ. ಎರಡು ಥರವೂ ಇವೆ.

ಬುಕ್ ಮಾಡಿದ ಮೇಲೆ ದರ ಇಳಿದ್ರೆ ಏನು ಮಾಡೋದು?

ಪೂರ್ತಿ ಹಣ ಕಟ್ಟುವ ಕೊನೆಯ ದಿನ ಇನ್ನೂ ದಾಟಿಲ್ಲ ಎಂದರೆ ಅನೇಕ ಕಂಪನಿಗಳು ಹೊಸ ದರಕ್ಕೆ ಬದಲಿಸಿಕೊಡುತ್ತವೆ. ಈ ದಿನ ಸಾಮಾನ್ಯವಾಗಿ ಹೊರಡುವುದಕ್ಕೆ 75ರಿಂದ 120 ದಿನ ಮೊದಲು ಬರುತ್ತದೆ, ಪ್ರಯಾಣ ಉದ್ದವಾದಷ್ಟೂ ಬೇಗ ಬರುತ್ತದೆ. ಆ ದಿನ ದಾಟಿದರೆ ನಗದು ಲಾಭ ಕಷ್ಟ. ಅದೃಷ್ಟ ಇದ್ದರೆ ಮೇಲಿನ ವರ್ಗದ ಕ್ಯಾಬಿನ್ನೋ ಸ್ವಲ್ಪ ಕ್ರೆಡಿಟ್ಟೋ ಸಿಗಬಹುದು. ಟಿಕೆಟ್ ಯಾವ ದೇಶದಲ್ಲಿ ಮಾರಾಟವಾಯಿತು ಎಂಬುದರ ಮೇಲೂ ಈ ನಿಯಮ ಬದಲಾಗುತ್ತದೆ.

ದರ ಇಳಿದರೆ ಕಂಪನಿ ತಾನಾಗಿ ನಿಮಗೆ ಹೇಳುವುದಿಲ್ಲ. ನೇರವಾಗಿ ಬುಕ್ ಮಾಡಿದವರು ವಾರಕ್ಕೊಮ್ಮೆ ತಾವೇ ನೋಡಬೇಕು. ಏಜೆಂಟ್ ಇದ್ದರೆ ಅವರು ನೋಡುತ್ತಾರೆ ಎಂದು ಸುಮ್ನೆ ಕೂರಬೇಡಿ. ಕೆಲವರು ನೋಡುತ್ತಾರೆ, ಹಲವರು ನೋಡುವುದಿಲ್ಲ. ದರ ಇಳಿದರೆ ಅವರ ಕಮಿಷನ್ನೂ ಇಳಿಯುತ್ತದೆ ಎಂಬುದು ನೆನಪಿರಲಿ. ಮೊದಲ ದಿನವೇ 'ದರ ಇಳಿದರೆ ನೀವು ಹೇಳುತ್ತೀರಾ, ನಾನೇ ನೋಡಿಕೊಳ್ಳಬೇಕಾ?' ಎಂದು ಕೇಳಿಬಿಡಿ. ನೇರ ಉತ್ತರ ಕೊಡುವವರನ್ನು ನಂಬಬಹುದು.

ಹೊಸ ದರಕ್ಕೆ ಹೋಗುವ ಮುನ್ನ ಹಳೆಯ ಬುಕಿಂಗ್ ಜೊತೆ ಬಂದ ಕೊಡುಗೆಗಳು ಉಳಿಯುತ್ತವೆಯೇ ನೋಡಿ. ದರ ಸ್ವಲ್ಪ ಇಳಿದು, ಪಾನೀಯದ ಪ್ಯಾಕೇಜ್ ಕೈತಪ್ಪಿದರೆ ನಷ್ಟವೇ.

ನನ್ನ ಕಾರ್ಡ್‌ನಿಂದ ಹಣ ತಗೋಬೇಕಾದ್ದು ಯಾರು? ಏಜೆಂಟಾ, ಕಂಪನಿಯಾ?

ಆದಷ್ಟೂ ಕ್ರೂಸ್ ಕಂಪನಿಯೇ ನೇರವಾಗಿ ನಿಮ್ಮ ಕಾರ್ಡ್‌ನಿಂದ ತೆಗೆದುಕೊಳ್ಳಲಿ. ಏಜೆಂಟ್ ಮೂಲಕ ಹೋದರೂ ಇದು ಸಾಧ್ಯ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಯಾರ ಹೆಸರಿದೆ ನೋಡಿ. ಕಂಪನಿಯ ಬುಕಿಂಗ್ ನಂಬರ್ ಅದೇ ದಿನ ಕೇಳಿ ಪಡೆದು, ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ. ನಿಮ್ಮ ಹೆಸರು, ಕ್ಯಾಬಿನ್, ಕಟ್ಟಿದ ಹಣ ಎಲ್ಲವೂ ಅಲ್ಲಿ ಕಾಣಬೇಕು. 'ನಂಬರ್ ಆಮೇಲೆ ಕೊಡ್ತೀನಿ, ಸದ್ಯ ನಗದು ಕೊಡಿ' ಎನ್ನುವವರಿಂದ ದೂರ ಇರಿ.

ಏಜೆನ್ಸಿಯೋ ಕಂಪನಿಯೋ ಮುಚ್ಚಿಹೋದ್ರೆ ನನ್ನ ಹಣದ ಗತಿ?

ಎರಡೂ ನಡೆದಿರುವ ವಿಷಯಗಳೇ. 1841ರಲ್ಲಿ ಶುರುವಾದ ಬ್ರಿಟನ್ನಿನ ಪ್ರವಾಸ ಸಂಸ್ಥೆ ಥಾಮಸ್ ಕುಕ್ 2019ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. 2022ರ ಜನವರಿಯಲ್ಲಿ ಜೆಂಟಿಂಗ್ ಹಾಂಗ್‌ಕಾಂಗ್ ಎಂಬ ಕಂಪನಿ ದಿವಾಳಿಯಾದಾಗ ಅದರ ಕ್ರಿಸ್ಟಲ್ ಕ್ರೂಸಸ್ ಕೂಡ ನಿಂತಿತು. ಹಳೆಯ ಹೆಸರು, ದೊಡ್ಡ ಹೆಸರು ಎಂಬುದೊಂದೇ ಭದ್ರತೆಯಲ್ಲ.

ಎಲ್ಲಿಂದ ಕೊಂಡಿರಿ ಎಂಬುದು ಇಲ್ಲಿ ಮುಖ್ಯ. ಯುರೋಪಿಯನ್ ಒಕ್ಕೂಟದ 2015ರ ಪ್ಯಾಕೇಜ್ ಪ್ರಯಾಣದ ನಿಯಮದ ಪ್ರಕಾರ, ಪ್ಯಾಕೇಜ್ ಮಾರುವವರು ದಿವಾಳಿಯಾದರೂ ಪ್ರಯಾಣಿಕರ ಹಣ ವಾಪಸ್ ಸಿಗುವ ವ್ಯವಸ್ಥೆ ಇರಬೇಕು. ಕ್ರೂಸ್ ಕೂಡ ಅದರೊಳಗೆ ಬರುತ್ತದೆ. ಬ್ರಿಟನ್‌ನಲ್ಲಿ ವಿಮಾನ ಸೇರಿದ ಪ್ಯಾಕೇಜ್‌ಗೆ ಅಟಾಲ್ ಎಂಬ, ಪ್ರಯಾಣಿಕರ ಹಣ ಕಾಯುವ ವ್ಯವಸ್ಥೆ ಇದೆ. ಅಮೆರಿಕದ ಬಂದರುಗಳಿಂದ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ, 50 ಅಥವಾ ಹೆಚ್ಚು ಮಂದಿ ಉಳಿಯಬಹುದಾದ ಹಡಗುಗಳ ಕಂಪನಿಗಳು ಫೆಡರಲ್ ಮ್ಯಾರಿಟೈಮ್ ಕಮಿಷನ್‌ಗೆ ಹಣಕಾಸಿನ ಭದ್ರತೆ ತೋರಿಸಬೇಕು.

ಯಾವ ದೇಶದಲ್ಲಿದ್ದರೂ ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟುವುದು ನಗದಿಗಿಂತ, ಬ್ಯಾಂಕ್ ವರ್ಗಾವಣೆಗಿಂತ ಸುರಕ್ಷಿತ. ಸೇವೆ ಸಿಗದಿದ್ದರೆ ಬ್ಯಾಂಕ್ ಮೂಲಕ ಹಣ ವಾಪಸ್ ಕೇಳುವ ದಾರಿ ಉಳಿದಿರುತ್ತದೆ.

## ಬುಕ್ ಆದ ಮೇಲೆ

ಕಂಪನಿಗೆ ಫೋನ್ ಮಾಡಿದ್ರೆ 'ನಿಮ್ಮ ಏಜೆಂಟ್‌ನ ಕೇಳಿ' ಅಂತಾರೆ. ನನ್ನ ಟಿಕೆಟ್ ಅಲ್ವಾ ಇದು?

ಟಿಕೆಟ್ ನಿಮ್ಮದೇ, ಆದರೆ ಕಂಪನಿಯ ದಾಖಲೆಯಲ್ಲಿ ಆ ಬುಕಿಂಗ್ ಏಜೆನ್ಸಿಯ ಹೆಸರಿನಲ್ಲಿದೆ. ದರ ಬದಲಿಸುವುದು, ಕ್ಯಾಬಿನ್ ಬದಲಿಸುವುದು, ರದ್ದು ಮಾಡುವುದು ಇವೆಲ್ಲ ಏಜೆನ್ಸಿಯ ಮೂಲಕವೇ ಆಗಬೇಕು. ಏಜೆಂಟ್ ಮೂಲಕ ಹೋಗುವುದರಲ್ಲಿ ನಿಜವಾದ ತೊಂದರೆ ಇದೊಂದೇ ಎಂದು ನನ್ನ ಅನಿಸಿಕೆ. ಶನಿವಾರ ರಾತ್ರಿ ದರ ಇಳಿಯುತ್ತದೆ, ಸೋಮವಾರ ಏಜೆಂಟ್ ಫೋನ್ ಎತ್ತುವ ಹೊತ್ತಿಗೆ ಮತ್ತೆ ಏರಿರುತ್ತದೆ. ಅವರು ರಜೆಯಲ್ಲಿದ್ದರೆ ಅವರ ಜಾಗದಲ್ಲಿ ಯಾರು ಎಂದು ಮೊದಲೇ ತಿಳಿದಿರಬೇಕು.

ಆನ್‌ಲೈನ್ ಚೆಕ್‌ಇನ್, ಊಟದ ಸಮಯ, ಪಾನೀಯದ ಪ್ಯಾಕೇಜ್, ದಡದ ಸುತ್ತಾಟ ಇವನ್ನು ಮಾತ್ರ ಕಂಪನಿಯ ಆ್ಯಪ್‌ನಲ್ಲಿ ನೀವೇ ಮಾಡಿಕೊಳ್ಳಬಹುದು. ಹಡಗು ಹತ್ತಿದ ಮೇಲಿನ ತೊಂದರೆಗೆ ಗೆಸ್ಟ್ ಸರ್ವಿಸಸ್ ಇದೆ. ಅಲ್ಲಿ ನೀವು ಹೇಗೆ ಬುಕ್ ಮಾಡಿದಿರಿ ಎಂದು ಯಾರೂ ಕೇಳುವುದಿಲ್ಲ.

ಪ್ರಯಾಣವೇ ರದ್ದಾದ್ರೆ ಹಣ ಬೇಗ ಸಿಗೋದು ಯಾವ ದಾರಿಯಲ್ಲಿ?

2020ರ ಮಾರ್ಚ್‌ನಲ್ಲಿ ಜಗತ್ತಿನ ಕ್ರೂಸ್‌ಗಳೆಲ್ಲ ನಿಂತಾಗ ಇದಕ್ಕೆ ಉತ್ತರ ಸಿಕ್ಕಿತು. ಹಲವು ಕಂಪನಿಗಳು ಎರಡು ಆಯ್ಕೆ ಕೊಟ್ಟವು: ಪೂರ್ತಿ ಹಣ ವಾಪಸ್, ಇಲ್ಲವೇ ಮುಂದಿನ ಪ್ರಯಾಣಕ್ಕೆ ಕಟ್ಟಿದ್ದರ 125 ಪರ್ಸೆಂಟ್ ಕ್ರೆಡಿಟ್. ಕಂಪನಿಯೇ ಕಾರ್ಡ್‌ನಿಂದ ಹಣ ತೆಗೆದುಕೊಂಡಿದ್ದರೆ ಅದು ಅದೇ ಕಾರ್ಡ್‌ಗೆ ಮರಳುತ್ತಿತ್ತು. ಹಣ ಏಜೆನ್ಸಿಯ ಖಾತೆಯ ಮೂಲಕ ಹೋಗಿದ್ದರೆ ಮರಳಿ ಬರಲು ಇನ್ನೊಂದು ಮೆಟ್ಟಿಲು ಹೆಚ್ಚು. ಇನ್ನೊಂದು ಕಡೆ, ಸಾವಿರಾರು ಮಂದಿ ಒಟ್ಟಿಗೆ ಫೋನ್ ಮಾಡುತ್ತಿದ್ದಾಗ ಎಷ್ಟೋ ಏಜೆಂಟರು ತಮ್ಮ ಕಮಿಷನ್ ಕೈತಪ್ಪಿದರೂ ಗಿರಾಕಿಗಳ ಪರವಾಗಿ ಗಂಟೆಗಟ್ಟಲೆ ಕಾದು ಕೆಲಸ ಮುಗಿಸಿಕೊಟ್ಟರು.

ನೀವಾಗಿಯೇ ರದ್ದು ಮಾಡಿದರೆ ಕಂಪನಿಯ ಕಡಿತದ ಪಟ್ಟಿ ಎರಡೂ ದಾರಿಯಲ್ಲಿ ಒಂದೇ. ಹೊರಡುವ ದಿನ ಹತ್ತಿರವಾದಷ್ಟೂ ಕಡಿತ ಜಾಸ್ತಿ, ಕೊನೆಗೆ ಪೂರ್ತಿ ಹಣ ಹೋಗುತ್ತದೆ. ಕೆಲವು ಏಜೆನ್ಸಿಗಳು ಇದರ ಮೇಲೆ ತಮ್ಮದೇ ರದ್ದತಿ ಶುಲ್ಕ ಹಾಕುತ್ತವೆ. ಷರತ್ತುಗಳಲ್ಲಿ ಆ ಸಾಲನ್ನು ಹುಡುಕಿ ಓದಿ.

ನೇರವಾಗಿ ಬುಕ್ ಮಾಡಿಬಿಟ್ಟೆ. ಈಗ ಏಜೆಂಟ್‌ಗೆ ಕೊಡಬಹುದಾ?

ಅನೇಕ ಕಂಪನಿಗಳಲ್ಲಿ ಆಗುತ್ತದೆ. ಬುಕ್ ಮಾಡಿ ಇಷ್ಟು ದಿನದೊಳಗೆ, ಪೂರ್ತಿ ಹಣ ಕಟ್ಟುವ ಮೊದಲು ಎಂಬ ಷರತ್ತು ಇರುತ್ತದೆ. ಒಂದು ಫಾರ್ಮ್ ತುಂಬಿದರೆ ಬುಕಿಂಗ್ ಏಜೆನ್ಸಿಗೆ ವರ್ಗವಾಗುತ್ತದೆ, ದರ ಹಾಗೇ ಇರುತ್ತದೆ. ಏಜೆನ್ಸಿಯಿಂದ ನಿಮಗೆ ಕ್ರೆಡಿಟ್ಟೂ ಸಿಗಬಹುದು. ಏಜೆಂಟ್‌ನಿಂದ ಕಂಪನಿಗೆ, ಅಥವಾ ಒಬ್ಬ ಏಜೆಂಟ್‌ನಿಂದ ಇನ್ನೊಬ್ಬರಿಗೆ ವರ್ಗ ಮಾಡಿಸುವುದು ಕಷ್ಟ. ಹಾಗಾಗಿ ಗೊಂದಲ ಇದ್ದಾಗ ಮೊದಲು ನೇರವಾಗಿ ಬುಕ್ ಮಾಡಿ ಕ್ಯಾಬಿನ್ ಹಿಡಿದಿಟ್ಟುಕೊಂಡು, ಆಮೇಲೆ ಏಜೆಂಟ್ ಹುಡುಕುವುದು ಒಳ್ಳೆಯ ಉಪಾಯ.

ಹಡಗಿನಲ್ಲೇ ಮುಂದಿನ ಕ್ರೂಸ್ ಬುಕ್ ಮಾಡಿದ್ರೆ ಲಾಭ ಅಂತಾರೆ. ಆಗ ಏಜೆಂಟ್ ಕಥೆ?

ಹಡಗಿನಲ್ಲೇ ಮುಂದಿನ ಕ್ರೂಸ್ ಬುಕ್ ಮಾಡುವ ಮೇಜಿನಲ್ಲಿ ಡೆಪಾಸಿಟ್ ಕಡಿಮೆ ಇರುತ್ತದೆ, ಇಲ್ಲವೇ ಸ್ವಲ್ಪ ಕ್ರೆಡಿಟ್ ಸಿಗುತ್ತದೆ. ಬುಕ್ ಮಾಡುವಾಗಲೇ ನಿಮ್ಮ ಏಜೆನ್ಸಿಯ ಹೆಸರು ಹೇಳಿದರೆ ಅದನ್ನೇ ಸೇರಿಸುತ್ತಾರೆ. ಆಗ ಹಡಗಿನ ಕೊಡುಗೆ, ಏಜೆಂಟ್ ಕೊಡುಗೆ ಎರಡೂ ನಿಮಗೆ.

## ಸ್ವಲ್ಪ ತೊಡಕಿನವು

ಒಳ್ಳೆ ಏಜೆಂಟ್ ಅಂತ ಹೇಗೆ ಗೊತ್ತಾಗುತ್ತೆ?

ಮೊದಲ ಮಾತುಕತೆಯಲ್ಲೇ ಗೊತ್ತಾಗುತ್ತದೆ. ಒಳ್ಳೆಯವರು ದರ ಹೇಳುವ ಮೊದಲು ನಿಮ್ಮನ್ನು ಕೇಳುತ್ತಾರೆ. ಯಾರೆಲ್ಲ ಬರುತ್ತಾರೆ, ಮಕ್ಕಳ ವಯಸ್ಸೆಷ್ಟು, ನಡೆಯಲು ಕಷ್ಟ ಇರುವವರು ಇದ್ದಾರಾ, ಸದ್ದುಗದ್ದಲ ಇಷ್ಟವಾ, ಊಟದಲ್ಲಿ ಏನು ಬೇಡ. ಇದೇನೂ ಕೇಳದೆ ಈ ವಾರದ ಆಫರ್ ಹೇಳುವವರು ಮಾರುವವರು ಮಾತ್ರ.

ನೀವೂ ಕೇಳಿ: ಈ ಕಂಪನಿಯ ಯಾವ ಹಡಗಿನಲ್ಲಿ ಹೋಗಿದ್ದೀರಿ? ಪ್ರಯಾಣದ ಮಧ್ಯೆ ತೊಂದರೆಯಾದರೆ ಯಾವ ನಂಬರ್? ನಿಮ್ಮ ಶುಲ್ಕ ಏನೇನು? ಕ್ರೂಸ್ ಕಂಪನಿಗಳ ಸಂಘ ಕ್ಲಿಯಾ ಏಜೆಂಟರಿಗೆ ತರಬೇತಿ ಕೊಟ್ಟು ಪ್ರಮಾಣಪತ್ರ ನೀಡುತ್ತದೆ. ಅದು ಇದ್ದರೆ ಒಳ್ಳೆಯದು, ಆದರೆ ಸ್ವಂತ ಅನುಭವಕ್ಕೆ ಸಮನಲ್ಲ. ಏಜೆನ್ಸಿ ಎಂದರೆ ಕಾಲ್ ಸೆಂಟರ್ ಇರುವ ದೊಡ್ಡ ವೆಬ್‌ಸೈಟೂ ಆಗಬಹುದು. ಅಲ್ಲಿ ಕೊಡುಗೆ ಹೆಚ್ಚು ಸಿಗಬಹುದು, ಆದರೆ ಪ್ರತಿ ಸಲ ಹೊಸಬರಿಗೆ ಮೊದಲಿಂದ ಕಥೆ ಹೇಳಬೇಕಾಗಬಹುದು.

ಏಜೆಂಟ್ ಹತ್ರ ಎಲ್ಲಾ ವಿಚಾರಿಸಿ, ಆಮೇಲೆ ನೇರವಾಗಿ ಬುಕ್ ಮಾಡಿದ್ರೆ ತಪ್ಪಾ?

ಒಂದು ಕೊಟೇಶನ್ ಕೇಳಿ ಬಿಡುವುದು ತಪ್ಪಲ್ಲ. ಆದರೆ ಹಡಗು, ಕ್ಯಾಬಿನ್, ವೀಸಾ ಎಂದು ದಿನಗಟ್ಟಲೆ ಕೆಲಸ ಮಾಡಿಸಿಕೊಂಡು ಬೇರೆ ಕಡೆ ಬುಕ್ ಮಾಡಿದರೆ ಅವರಿಗೆ ಒಂದು ಪೈಸೆಯೂ ಸಿಗುವುದಿಲ್ಲ. ಅದು ನ್ಯಾಯವಲ್ಲ. ಬರೀ ಸಲಹೆ ಬೇಕಿದ್ದರೆ ಶುಲ್ಕ ಕೊಟ್ಟು ಕೇಳಿ.

ನಾವು ಇಪ್ಪತ್ತು ಜನ ಇದ್ದೀವಿ. ದೊಡ್ಡ ಕುಟುಂಬ.

ಇದಕ್ಕೆ ಏಜೆಂಟೇ ಸರಿ, ಎರಡನೇ ಮಾತಿಲ್ಲ. ಸಾಮಾನ್ಯವಾಗಿ ಎಂಟು ಕ್ಯಾಬಿನ್ ಇದ್ದರೆ ಗುಂಪು ಎಂದು ಲೆಕ್ಕ. ಅನೇಕ ಕಂಪನಿಗಳು ಪ್ರತಿ 16 ಮಂದಿಗೆ ಒಬ್ಬರ ಮೂಲ ದರದಷ್ಟು ರಿಯಾಯಿತಿ ಕೊಡುತ್ತವೆ. ಅದಕ್ಕಿಂತ ದೊಡ್ಡ ಅನುಕೂಲ ಎಂದರೆ, ಪ್ರತಿ ಮನೆಯವರೂ ಬೇರೆ ಬೇರೆಯಾಗಿ ಹಣ ಕಟ್ಟಬಹುದು, ಆದರೆ ಎಲ್ಲರಿಗೂ ಒಟ್ಟಿಗೆ ಊಟದ ಮೇಜು, ಅಕ್ಕಪಕ್ಕದ ಕ್ಯಾಬಿನ್. ಒಬ್ಬರು ಕೊನೆ ಗಳಿಗೆಯಲ್ಲಿ ಬರದಿದ್ದರೆ ಇಡೀ ಬುಕಿಂಗ್ ಅಲುಗಾಡುವುದಿಲ್ಲ.

ವಿಮಾನವನ್ನೂ ಜೊತೆಗೇ ಬುಕ್ ಮಾಡಿಸಲಾ?

ಯಾರು ಬುಕ್ ಮಾಡಿದರೂ ಹೊರಡುವ ಹಿಂದಿನ ದಿನವೇ ಬಂದರಿನ ಊರಿಗೆ ತಲುಪಿ. ಅದೇ ದಿನದ ವಿಮಾನ ತಡವಾದರೆ ಹಡಗು ನಿಮಗಾಗಿ ಕಾಯುವುದಿಲ್ಲ. ಕಂಪನಿಯ ಮೂಲಕ ವಿಮಾನ ಬುಕ್ ಮಾಡಿದ್ದರೆ ಮುಂದಿನ ಬಂದರಿಗೆ ತಲುಪಿಸಲು ಅವರು ಸಹಾಯ ಮಾಡುತ್ತಾರೆ, ಆದರೆ ಸಮಯ ಮತ್ತು ಮಾರ್ಗದ ಆಯ್ಕೆ ಕಡಿಮೆ. ಕಂಪನಿ ಹಡಗು ರದ್ದು ಮಾಡಿದಾಗ ನೀವೇ ಬೇರೆಯಾಗಿ ಕೊಂಡ ವಿಮಾನ ಟಿಕೆಟ್‌ನ ಹಣ ಸಾಮಾನ್ಯವಾಗಿ ನಿಮ್ಮ ತಲೆಮೇಲೆಯೇ. ಅಲ್ಲಿಗೆ ಟ್ರಾವೆಲ್ ಇನ್ಶೂರೆನ್ಸ್ ಬೇಕು. ಅದನ್ನು ಡೆಪಾಸಿಟ್ ಕಟ್ಟಿದ ಕೂಡಲೇ ಕೊಳ್ಳಿ. ಅಮೆರಿಕದ ಹಲವು ಪಾಲಿಸಿಗಳಲ್ಲಿ ಮೊದಲ ಕಂತು ಕಟ್ಟಿ 14ರಿಂದ 21 ದಿನದೊಳಗೆ ಕೊಂಡರೆ ಮಾತ್ರ ಹಳೆಯ ಕಾಯಿಲೆಗಳಿಗೂ ರಕ್ಷಣೆ ಸಿಗುತ್ತದೆ.

ವೀಸಾ, ಪಾಸ್‌ಪೋರ್ಟ್ ತಪ್ಪಾದ್ರೆ ಜವಾಬ್ದಾರಿ ಯಾರದು?

ನಿಮ್ಮದೇ. ಕಂಪನಿಯ ಷರತ್ತಿನಲ್ಲೂ ಏಜೆನ್ಸಿಯ ಷರತ್ತಿನಲ್ಲೂ ಹಾಗೇ ಬರೆದಿರುತ್ತದೆ. ಕಾಗದ ಸರಿ ಇಲ್ಲದಿದ್ದರೆ ಹಡಗು ಹತ್ತಿಸುವುದಿಲ್ಲ, ಹಣವೂ ವಾಪಸ್ ಇಲ್ಲ. ಪ್ರಯಾಣ ಮುಗಿದ ಮೇಲೂ ಆರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಲಿ. ಒಂದು ತಪ್ಪು ತುಂಬ ಸಲ ಆಗುತ್ತದೆ. ಹಡಗು ಗ್ರೀಸ್‌ನಿಂದ ಹೊರಟು ಟರ್ಕಿಯ ಕುಶಾದಸಿಗೆ ಹೋಗಿ ಮತ್ತೆ ಗ್ರೀಸ್‌ಗೆ ಬಂದರೆ ನೀವು ಶೆಂಗೆನ್ ಪ್ರದೇಶಕ್ಕೆ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳು; ಗ್ರೀಸ್ ಇದರೊಳಗೆ, ಟರ್ಕಿ ಹೊರಗೆ) ಎರಡು ಸಲ ಕಾಲಿಟ್ಟಂತೆ. ವೀಸಾ ಬೇಕಾದವರಿಗೆ ಒಂದೇ ಪ್ರವೇಶದ ವೀಸಾ ಸಾಲುವುದಿಲ್ಲ. ಅನುಭವಿ ಏಜೆಂಟ್ ಇದನ್ನು ಮಾರ್ಗ ನೋಡಿದ ಕೂಡಲೇ ಹೇಳುತ್ತಾರೆ. ಕಂಪನಿಯ ಬುಕಿಂಗ್ ಪುಟ ನಿಮ್ಮ ಪಾಸ್‌ಪೋರ್ಟ್‌ಗೆ ತಕ್ಕಂತೆ ಎಚ್ಚರಿಸುತ್ತದೆ ಎಂದು ನಂಬಿ ಕೂರಬೇಡಿ.

ಒಂದರ ಹಿಂದೆ ಒಂದು ಎರಡು ಕ್ರೂಸ್, ಅದೇ ಹಡಗಿನಲ್ಲಿ. ನಾನೇ ಬುಕ್ ಮಾಡ್ಕೋಬಹುದಾ?

ಮಾಡಬಹುದು, ಆದರೆ ಅಮೆರಿಕದ ಬಂದರುಗಳಿದ್ದರೆ ಹುಷಾರು. ಅಲ್ಲಿ 1886ರ ಪ್ಯಾಸೆಂಜರ್ ವೆಸೆಲ್ ಸರ್ವಿಸಸ್ ಆ್ಯಕ್ಟ್ ಈಗಲೂ ಜಾರಿಯಲ್ಲಿದೆ. ವಿದೇಶದಲ್ಲಿ ನೋಂದಣಿಯಾದ ಹಡಗು ಒಂದು ಅಮೆರಿಕನ್ ಬಂದರಿನಲ್ಲಿ ಹತ್ತಿದವರನ್ನು ಇನ್ನೊಂದು ಅಮೆರಿಕನ್ ಬಂದರಿನಲ್ಲಿ ಇಳಿಸಬೇಕಾದರೆ ನಡುವೆ ದೂರದ ವಿದೇಶಿ ಬಂದರೊಂದನ್ನು ಮುಟ್ಟಿರಬೇಕು. ಕೆನಡಾ ದೂರದ ಲೆಕ್ಕಕ್ಕೆ ಬರುವುದಿಲ್ಲ. ಲಾಸ್ ಏಂಜಲೀಸ್‌ನಿಂದ ವ್ಯಾಂಕೂವರ್, ಆಮೇಲೆ ಅದೇ ಹಡಗಿನಲ್ಲಿ ವ್ಯಾಂಕೂವರ್‌ನಿಂದ ಅಲಾಸ್ಕಾದ ಸೂವರ್ಡ್‌ವರೆಗೆ ಎಂದು ಇಟ್ಟುಕೊಳ್ಳಿ. ಒಂದೊಂದಾಗಿ ನೋಡಿದರೆ ಎರಡೂ ಸರಿ. ಸೇರಿಸಿದರೆ ಕಾನೂನಿಗೆ ವಿರುದ್ಧ. ಎರಡು ಬೇರೆ ಬುಕಿಂಗ್ ಮಾಡಿದಾಗ ಇದು ತಕ್ಷಣ ಕಣ್ಣಿಗೆ ಬೀಳದೆ, ವಾರಗಳ ನಂತರ ಒಂದನ್ನು ಬಿಡಬೇಕು ಎಂದು ಕಂಪನಿಯಿಂದ ಪತ್ರ ಬರಬಹುದು. ಅಷ್ಟರಲ್ಲಿ ವಿಮಾನ ಟಿಕೆಟ್ ಕೊಂಡಿದ್ದರೆ ಕಷ್ಟ. ಎರಡನೆಯದಕ್ಕೆ ಬೇರೆ ಹಡಗು ಹತ್ತಿದರೆ ಈ ತೊಡಕು ಇಲ್ಲ. ನೇರವಾಗಿ ಬುಕ್ ಮಾಡುವವರು ಎರಡೂ ಬುಕಿಂಗ್ ನಂಬರ್ ಒಟ್ಟಿಗೆ ಹೇಳಿ ಕಂಪನಿಯಿಂದ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಏಜೆಂಟ್ ಇದ್ದರೆ ಆ ಕೆಲಸ ಅವರಿಗೆ ಒಪ್ಪಿಸಿ, ಒಪ್ಪಿಗೆ ಬಂದ ಮೇಲೆಯೇ ವಿಮಾನ ಟಿಕೆಟ್‌ಗೆ ಕೈ ಹಾಕಿ.